ಸ್ಕೂಲ್ ಡ್ರಾಯಿಂಗ್ ಟೀಚರ್ ಆಗಬೇಕು: ಬಿವಿಎ ಸೇರಲಾ, ಬಿಎ ಮಾಡಿ ಬಿ.ಎಡ್ ಮಾಡಲಾ?

ಬಣ್ಣದಡಬ್ಬಿ:
ಎಲ್ಲರಿಗೂ ನಮಸ್ಕಾರ. ಮನೆ ವಿಜಯನಗರ, ಸೆಕೆಂಡ್ ಪಿಯುಸಿ ಕಾಮರ್ಸ್ ಪರೀಕ್ಷೆ ಈಗಷ್ಟೇ ಮುಗಿದಿದೆ. ನನಗೆ ಶಾಲೆಯಲ್ಲಿ ಚಿತ್ರಕಲಾ ಟೀಚರ್ ಆಗಬೇಕು ಅಂತ ಆಸೆ. ಆರ್ಟಿಸ್ಟ್ ಆಗಿ ಎಕ್ಸಿಬಿಷನ್ ಮಾಡಬೇಕು ಅಂತೇನಿಲ್ಲ, ಅನಿಮೇಷನ್ ಅಂತೂ ಬೇಡವೇ ಬೇಡ. ಮಕ್ಕಳಿಗೆ ಹೇಳಿಕೊಡುವುದು ಇಷ್ಟ. ಹೈಸ್ಕೂಲಿನಲ್ಲಿದ್ದಾಗಲೇ ಡ್ರಾಯಿಂಗ್ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಪಾಸಾಗಿದೆ.

ಮನೆಯಲ್ಲಿ ಎರಡು ಪಕ್ಷ. ಅಮ್ಮ ಹೇಳುವುದು, ಬಿಎ ಮಾಡು, ಬಿ.ಎಡ್ ಮಾಡು, ಡ್ರಾಯಿಂಗ್ ಜೊತೆಗಿರಲಿ. ಮಾವ ಹೇಳುವುದು, ಚಿತ್ರಕಲಾ ಪರಿಷತ್ತಿನಲ್ಲಿ ಬಿವಿಎ (ದೃಶ್ಯಕಲೆಯ ಡಿಗ್ರಿ) ಸೇರಿಕೋ, 4 ವರ್ಷ, ಆಮೇಲಿನದು ಆಮೇಲೆ. ನಾನು ಇಬ್ಬರಿಗೂ ತಲೆಯಾಡಿಸಿಕೊಂಡು ಕೂತಿದ್ದೇನೆ. ಬಿವಿಎ ಮಾಡಿದವರಿಗೆ ಬಿ.ಎಡ್ ಬೇಕೇ ಬೇಕಾ? ಬಿಎ ಬಿ.ಎಡ್ ಮಾಡಿದವರನ್ನು ಡ್ರಾಯಿಂಗ್‌ಗೆ ತಗೊಳ್ತಾರಾ? ಕಾಮರ್ಸ್ ಓದಿದವಳು ಬಿವಿಎಗೆ ಸೇರಬಹುದಾ? ಈ ಲೈನಿನಲ್ಲಿ ಇರುವವರು ಯಾರಾದರೂ ಇದ್ದರೆ ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್.

ಮಲ್ಲೇಶ್ವರದ ಮೇಷ್ಟ್ರು:
ಕೊನೇ ಪ್ರಶ್ನೆಗೆ ಮೊದಲು ಉತ್ತರ. ಸೇರಬಹುದಮ್ಮ. ಬಿವಿಎಗೆ ಪಿಯುಸಿ ಪಾಸಾಗಿದ್ದರೆ ಸಾಕು, ಸೈನ್ಸೋ ಆರ್ಟ್ಸೋ ಕಾಮರ್ಸೋ ಕೇಳುವುದಿಲ್ಲ. ಕಾಲೇಜಿನವರು ಆಪ್ಟಿಟ್ಯೂಡ್ ಟೆಸ್ಟ್ ಮಾಡುತ್ತಾರೆ, ನಿಮ್ಮ ಕೆಲಸ ನೋಡುತ್ತಾರೆ, ಅಷ್ಟೆ.

ಇನ್ನು ದೊಡ್ಡ ಪ್ರಶ್ನೆ. ಅಮ್ಮ ಹೇಳುವುದರಲ್ಲೂ ಅರ್ಥ ಇದೆ, ಮಾವ ಹೇಳುವುದರಲ್ಲೂ ಇದೆ. ಇಬ್ಬರ ಮನಸ್ಸಿನಲ್ಲಿರುವ ಶಾಲೆ ಬೇರೆ ಬೇರೆ ಅಷ್ಟೆ. ನೀವು ಡಿಗ್ರಿಯಿಂದ ಶುರು ಮಾಡಿ ಕೆಲಸ ಹುಡುಕುವ ಲೆಕ್ಕದಲ್ಲಿದ್ದೀರಿ. ಉಲ್ಟಾ ಮಾಡಿ. ಯಾವ ಥರದ ಶಾಲೆಯಲ್ಲಿ ಪಾಠ ಮಾಡಬೇಕು ಅಂತ ಮೊದಲು ಯೋಚನೆ ಮಾಡಿ, ಆ ಶಾಲೆ ಏನು ಕೇಳುತ್ತದೆ ನೋಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಬೆಂಗಳೂರಿನಲ್ಲಿ ಸ್ಟೇಟ್ ಸಿಲಬಸ್ ಖಾಸಗಿ ಶಾಲೆ ಇದೆ, ಸಿಬಿಎಸ್‌ಇ, ಐಸಿಎಸ್‌ಇ ಇದೆ, ಸರ್ಜಾಪುರ, ಯಲಹಂಕ ಕಡೆ ಇಂಟರ್‌ನ್ಯಾಷನಲ್ ಶಾಲೆಗಳಿವೆ, ಕೇಂದ್ರೀಯ ವಿದ್ಯಾಲಯ ಇದೆ, ಸರ್ಕಾರಿ ಹೈಸ್ಕೂಲ್ ಇದೆ. ಎಲ್ಲರೂ ನಿಮ್ಮನ್ನು ಡ್ರಾಯಿಂಗ್ ಟೀಚರ್ ಅಂತಲೇ ಕರೆಯುತ್ತಾರೆ. ಆದರೆ ಒಳಗೆ ಹೋಗುವ ಬಾಗಿಲು ಒಂದೊಂದು ಕಡೆ ಒಂದೊಂದು.

ನಾನು ಸಿಬಿಎಸ್‌ಇ ಶಾಲೆಯಲ್ಲಿದ್ದೇನೆ. ನಮ್ಮಲ್ಲಿ ಆರ್ಟ್ ಟೀಚರ್ ಹುದ್ದೆಗೆ ಬಂದ ಅರ್ಜಿಗಳಲ್ಲಿ ಮೊದಲು ನೋಡುವುದೇ ಬಿವಿಎ ಅಥವಾ ಬಿಎಫ್‌ಎ (ಲಲಿತಕಲೆಯ ಡಿಗ್ರಿ) ಇದೆಯಾ ಅಂತ. ಬಿ.ಎಡ್ ಇದ್ದರೆ ಒಳ್ಳೆಯದು, ಇಲ್ಲ ಅಂದರೆ ಬೇಡ ಅನ್ನುವುದಿಲ್ಲ. ಬಿಎ ಬಿ.ಎಡ್ ಇದ್ದು ಡ್ರಾಯಿಂಗ್ ಚೆನ್ನಾಗಿ ಬರುತ್ತೆ ಅನ್ನುವವರನ್ನು ಸಣ್ಣ ಕ್ಲಾಸಿಗೆ ತಗೊಂಡಿದ್ದಾರೆ. 11, 12ಕ್ಕೆ ತಗೊಳ್ಳಲ್ಲ. ಅಲ್ಲಿ ಪೇಂಟಿಂಗ್ ಒಂದು ಪೂರ್ತಿ ವಿಷಯ, ಕೋಡ್ 049, ಥಿಯರಿ 30, ಪ್ರಾಕ್ಟಿಕಲ್ 70. ರಾಜಸ್ಥಾನಿ, ಪಹಾಡಿ, ಮೊಘಲ್, ದಖ್ಖನಿ ಚಿಕಣಿ ಚಿತ್ರಗಳು, ಬಂಗಾಳ ಸ್ಕೂಲ್ ಅನ್ನುವ ಚಿತ್ರಶೈಲಿ ಎಲ್ಲ ಪಾಠ ಮಾಡಬೇಕು. ಕೈ ಚೆನ್ನಾಗಿದೆ ಅನ್ನುವುದೊಂದೇ ಅಲ್ಲಿ ಸಾಲದು.

ಲೆಕ್ಕದವನು:
ಮೇಷ್ಟ್ರೇ ಬೇಜಾರಾಗಬೇಡಿ, ಆದರೆ ಯಾರೂ ದುಡ್ಡಿನ ಮಾತೇ ಎತ್ತುತ್ತಿಲ್ಲ. ಬಿವಿಎ 4 ವರ್ಷ, ಬಿ.ಎಡ್ 2 ವರ್ಷ, ಒಟ್ಟು 6. ಇದೇ ಹುಡುಗಿ ಬಿಕಾಂ ಮಾಡಿ 3 ವರ್ಷಕ್ಕೆ ಕೆಲಸಕ್ಕೆ ಸೇರಿದರೆ ಅಷ್ಟರಲ್ಲಿ 3 ವರ್ಷ ಸಂಬಳ ತಗೊಂಡಿರುತ್ತಾಳೆ. ಶನಿವಾರ ಭಾನುವಾರ ಮನೆಯಲ್ಲಿ ಡ್ರಾಯಿಂಗ್ ಕ್ಲಾಸ್ ಇಟ್ಟುಕೊಳ್ಳಲಿ. ನಮ್ಮ ಏರಿಯಾದಲ್ಲಿ ಒಬ್ಬರು ಮೇಡಂ ಹಾಗೇ ಮಾಡುತ್ತಾರೆ, ಮನೆ ಮುಂದೆ ಸ್ಕೂಟರ್ ನಿಲ್ಲಿಸಲು ಜಾಗ ಇರುವುದಿಲ್ಲ.

ಮಲ್ಲೇಶ್ವರದ ಮೇಷ್ಟ್ರು:
ಬೇಜಾರೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ನಾನು ಸೇರಿದ ಮೊದಲ ಶಾಲೆಯಲ್ಲಿ ಕೊಟ್ಟದ್ದು ತಿಂಗಳಿಗೆ 18 ಸಾವಿರ, ಅದೂ ಹತ್ತು ತಿಂಗಳಿಗೆ ಮಾತ್ರ. ಏಪ್ರಿಲ್, ಮೇ ಸಂಬಳ ಇಲ್ಲ. ವಿಷಯ ಟೀಚರುಗಳಿಗೆ ರಜೆ ಸಂಬಳ ಇತ್ತು, ನನಗೂ ಪಿಟಿ ಮೇಷ್ಟ್ರಿಗೂ ಇರಲಿಲ್ಲ. ಸೇರುವಾಗ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆಫರ್ ಲೆಟರಿನಲ್ಲಿ ‘ಅಕಾಡೆಮಿಕ್ ಸೆಷನ್’ ಅಂತ ಒಂದು ಸಾಲು ಇತ್ತು. ಹಾಗಾಗಿ ಯಾವ ಶಾಲೆಗೆ ಹೋದರೂ ಎರಡು ವಿಷಯ ಕಾಗದದ ಮೇಲೆ ಕೇಳಿ: 12 ತಿಂಗಳ ಸಂಬಳವಾ, ಪಿಎಫ್ ಇದೆಯಾ. ಸುಮ್ನೆ ನಾಚಿಕೆ ಪಟ್ಟುಕೊಳ್ಳಬೇಡಿ.

ಮನೆಯಲ್ಲಿ ಕ್ಲಾಸ್ ಮಾಡುವುದು ಬೇರೆ ಕೆಲಸ. ಅಲ್ಲಿಗೆ ಬರುವ ಮಕ್ಕಳು ಇಷ್ಟಪಟ್ಟು ಬರುತ್ತಾರೆ, ಇಲ್ಲವೇ ಅವರ ಅಪ್ಪ ಅಮ್ಮ ಇಷ್ಟಪಟ್ಟು ಕಳಿಸುತ್ತಾರೆ. ಶಾಲೆಯಲ್ಲಿ ಎಲ್ಲರೂ ಇರುತ್ತಾರೆ. ಗಣಿತದ ಪರೀಕ್ಷೆ ಬರೆದು ಸುಸ್ತಾದವನು, ಚಿತ್ರ ಅಂದರೆ ಆಗದವನು, ಬಣ್ಣದ ಡಬ್ಬಿ ತರಲು ಮನೆಯಲ್ಲಿ ದುಡ್ಡಿಲ್ಲದವನು. ಈ ಹುಡುಗಿ ಕೇಳುತ್ತಿರುವುದು ಶಾಲೆಯ ಬಗ್ಗೆ.

ಸ್ಟಿಲ್‌ಲೈಫ್‌ಸುಬ್ಬಿ:
ಹಾಯ್, ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿವಿಎ ಮೂರನೇ ವರ್ಷ, ಪೇಂಟಿಂಗ್. ನಾನೂ ಕಾಮರ್ಸೇ! ಬಿವಿಎ ಒಳಗೆ ಹೇಗಿರುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ಅದು ‘4 ವರ್ಷ ಚಿತ್ರ ಬರೆಯುತ್ತಾರೆ’ ಅಷ್ಟೇ ಗೊತ್ತು.

ಮೊದಲ ವರ್ಷ ಫೌಂಡೇಶನ್. ಎಲ್ಲರೂ ಎಲ್ಲ ಮಾಡಬೇಕು. ಡ್ರಾಯಿಂಗ್, ಬಣ್ಣ, ಜೇಡಿಮಣ್ಣು, ಡಿಸೈನ್, ಪ್ರಿಂಟ್, ಕಲಾ ಇತಿಹಾಸ. ಅಚ್ಚಿಗೆ ಲಿನೋ ಹಾಳೆ ಕೆತ್ತುವಾಗ ಕೈ ಕುಯ್ದುಕೊಳ್ಳದವರು ನಮ್ಮ ಬ್ಯಾಚಿನಲ್ಲಿ ಯಾರೂ ಇಲ್ಲ. ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ ಅಂದರೆ ಪ್ರಿಂಟ್‌ಮೇಕಿಂಗ್, ಅಪ್ಲೈಡ್ ಆರ್ಟ್, ಕಲಾ ಇತಿಹಾಸ, ಹೀಗೆ ಒಂದು ಆರಿಸಿಕೊಳ್ಳಬೇಕು. ಎಲ್ಲ ಕಾಲೇಜಿನಲ್ಲಿ ಎಲ್ಲ ವಿಭಾಗ ಇರಲ್ಲ, ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ಟೀಚರ್ ಆಗಬೇಕು ಅನ್ನುವವರಿಗೆ ಪೇಂಟಿಂಗ್ ಸುಲಭದ ದಾರಿ ಅಂತ ಸೀನಿಯರ್‌ಗಳು ಹೇಳುತ್ತಾರೆ, ಆದರೆ ನನ್ನನ್ನು ಕೇಳಿದರೆ ಫೌಂಡೇಶನ್ ವರ್ಷವೇ ಟೀಚರ್‌ಗೆ ಜಾಸ್ತಿ ಉಪಯೋಗ. ಶಾಲೆಯಲ್ಲಿ ಮಣ್ಣೂ ಬರುತ್ತೆ, ಕಾಗದವೂ ಬರುತ್ತೆ, ಬೀಜದಚ್ಚು, ಬೆಂಡೆಕಾಯಿ ಅಚ್ಚು ಎಲ್ಲ ಬರುತ್ತೆ.

ಒಂದು ಕೊರತೆ ಇದೆ. 4 ವರ್ಷದಲ್ಲಿ ‘ಮಕ್ಕಳಿಗೆ ಹೇಗೆ ಕಲಿಸುವುದು’ ಅಂತ ಒಂದೇ ಒಂದು ಪೇಪರ್ ನಮಗೆ ಇಲ್ಲ. ಆರು ವರ್ಷದ ಮಗು ತಲೆಗೇ ಕೈಕಾಲು ಅಂಟಿಸಿ ಮನುಷ್ಯನನ್ನು ಯಾಕೆ ಬರೆಯುತ್ತೆ, ಹನ್ನೊಂದನೇ ವಯಸ್ಸಿಗೆ ‘ನನಗೆ ಬರಲ್ಲ’ ಅಂತ ಯಾಕೆ ಕೈಬಿಡುತ್ತೆ, ಇದೆಲ್ಲ ನಾವೇ ಓದಿಕೊಳ್ಳಬೇಕು.

ಸರ್ಕಾರಿಶಾಲೆ ಟೀಚರಮ್ಮ:
ನಾನು ಬಿಎ ಬಿ.ಎಡ್, ಪೀಣ್ಯ ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಮಾಡುತ್ತೇನೆ. ಬಿ.ಎಡ್ ವಿಷಯ ನಾನು ಹೇಳುತ್ತೇನೆ ಕೇಳಮ್ಮ.

ಬಿ.ಎಡ್ ಈಗ 2 ವರ್ಷ. 2014ರಲ್ಲಿ ಎನ್‌ಸಿಟಿಇ, ಅಂದರೆ ಶಿಕ್ಷಕರ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ, ನಿಯಮ ತಂದ ಮೇಲೆ ಹಾಗಾಯಿತು, ಅದಕ್ಕೆ ಮೊದಲು ಒಂದು ವರ್ಷಕ್ಕೆ ಮುಗಿಯುತ್ತಿತ್ತು. ಅದರಲ್ಲಿ 20 ವಾರ ಶಾಲೆಗಳಲ್ಲಿ ಇರಬೇಕು, ನಿಜವಾಗಿ ಕಲಿಯುವುದು ಅಲ್ಲಿಯೇ. ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಅಂತ ಒಂದು ಭಾಗವೂ ಇದೆ. ಆದರೆ ಅದು ಎಲ್ಲ ವಿಷಯದ ಟೀಚರುಗಳಿಗೂ ಇರುವಂಥದ್ದು, ಚಿತ್ರಕಲಾ ಶಿಕ್ಷಕರನ್ನು ತಯಾರು ಮಾಡಲು ಅಲ್ಲ. ಬೋಧನಾ ವಿಷಯ ಅಂತ ಆರಿಸಿಕೊಳ್ಳುವಾಗ ಕನ್ನಡ, ಇಂಗ್ಲಿಷ್, ಸಮಾಜ, ಗಣಿತ, ವಿಜ್ಞಾನ ಇಂಥವೇ ಇರುತ್ತವೆ, ಅದನ್ನೂ ಡಿಗ್ರಿಯಲ್ಲಿ ಓದಿದ್ದರ ಮೇಲೆ ಕೊಡುತ್ತಾರೆ. ಬಿವಿಎ ಮಾಡಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಹಾಗಾಗಿ ಬಿವಿಎ ಆಮೇಲೆ ಬಿ.ಎಡ್ ಅಂತ ಪ್ಲಾನ್ ಇದ್ದರೆ, ಬಿವಿಎ ಸೇರುವ ಮೊದಲೇ ಎರಡು ಮೂರು ಬಿ.ಎಡ್ ಕಾಲೇಜಿಗೆ ಹೋಗಿ ‘ಈ ಡಿಗ್ರಿಗೆ ಯಾವ ಬೋಧನಾ ವಿಷಯ ಕೊಡ್ತೀರಿ’ ಅಂತ ಆಫೀಸಿನಲ್ಲೇ ಕೇಳಿ. ಫೋನಿನಲ್ಲಿ ಕೇಳಬೇಡಿ, ‘ಆಗುತ್ತೆ ಬನ್ನಿ’ ಅಂದುಬಿಡುತ್ತಾರೆ.

ಪಿಯುಸಿ ಆದ ಮೇಲೆ ನೇರವಾಗಿ 4 ವರ್ಷದ ಇಂಟಿಗ್ರೇಟೆಡ್ ಬಿ.ಎಡ್ ಸೇರಬಹುದು ಅಂತ ಯಾರಾದರೂ ಹೇಳಬಹುದು. ಐಟೆಪ್ ಅಂತಾರೆ, ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ. ಒಳ್ಳೆಯ ಕೋರ್ಸೇ, ಆದರೆ ಅದು ಹೆಚ್ಚಾಗಿ ವಿಷಯ ಶಿಕ್ಷಕರ ದಾರಿ. ಚಿತ್ರಕಲೆಯೇ ಬೇಕು ಅಂದರೆ ಅಲ್ಲಿ ಅದು ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಸರ್ಕಾರಿ ಶಾಲೆ ಬಗ್ಗೆ ಒಂದು ಮಾತು. 2009ರ ಆರ್‌ಟಿಇ ಕಾಯ್ದೆಯ ಶೆಡ್ಯೂಲ್ ಓದಿ ನೋಡಿ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ, ಮೂರಕ್ಕೂ ‘ಅರೆಕಾಲಿಕ’ ಬೋಧಕರು ಇರಬೇಕು ಅಂತಿದೆ. ಕಾನೂನಿನಲ್ಲೇ ಅರೆಕಾಲಿಕ! ಸರ್ಕಾರಿ ಹೈಸ್ಕೂಲುಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಇದೆ, ಆದರೆ ಕನ್ನಡ, ಗಣಿತಕ್ಕೆ ಕರೆದಷ್ಟು ಸಲ ಅದಕ್ಕೆ ಕರೆಯುವುದಿಲ್ಲ. ಅದೊಂದನ್ನೇ ನಂಬಿ ಕೂರುವುದು ಬೇಡ.

ಅಪ್ಪ_ರಾಜಾಜಿನಗರ:
ನಾನು ಟೀಚರ್ ಅಲ್ಲ, ಪೇರೆಂಟ್. ನನ್ನ ಮಗನ ಶಾಲೆಯಲ್ಲಿ ಆರ್ಟ್ ಪೀರಿಯಡ್ ಅಂದರೆ ಜನವರಿ ಆದ ಮೇಲೆ ಗಣಿತಕ್ಕೆ ಕೊಟ್ಟುಬಿಡುತ್ತಾರೆ. ಇಂಥ ಕೆಲಸಕ್ಕೆ ಹೋಗಲು ಮಕ್ಕಳು 4 ವರ್ಷ ಓದಬೇಕಾ ಅಂತ ನನಗೆ ನಿಜವಾಗಿಯೂ ಅನುಮಾನ. ತಪ್ಪು ತಿಳಿಯಬೇಡಿ.

ಮಲ್ಲೇಶ್ವರದ ಮೇಷ್ಟ್ರು:
ಪೀರಿಯಡ್ ಕಿತ್ತುಕೊಳ್ಳುವುದು ನಿಜ ಸಾರ್. ಸಿಬಿಎಸ್‌ಇ 2019ರಲ್ಲಿ 1ರಿಂದ 12ರವರೆಗೆ ವಾರಕ್ಕೆ ಕನಿಷ್ಠ 2 ಪೀರಿಯಡ್ ಕಲೆಗೆ ಇರಲೇಬೇಕು ಅಂತ ಹೇಳಿತು. ಟೈಮ್ ಟೇಬಲಿನಲ್ಲಿ ಇರುತ್ತೆ. ಕ್ಲಾಸಿನಲ್ಲಿ ಇರುತ್ತಾ ಅನ್ನುವುದು ಆ ಶಾಲೆಯ ಪ್ರಿನ್ಸಿಪಾಲ್ ಮೇಲೆ, ಜೊತೆಗೆ ಆರ್ಟ್ ಟೀಚರ್ ಎಷ್ಟು ಗಟ್ಟಿ ಅನ್ನುವುದರ ಮೇಲೆ. ಎನ್‌ಸಿಇಆರ್‌ಟಿ 2024ರಲ್ಲಿ 3ನೇ ಕ್ಲಾಸಿಗೆ ‘ಬಾನ್ಸುರಿ’, 6ನೇ ಕ್ಲಾಸಿಗೆ ‘ಕೃತಿ’ ಅಂತ ಕಲೆಗೇ ಪಠ್ಯಪುಸ್ತಕ ತಂದಿದೆ. ಪುಸ್ತಕ ಇರುವ ವಿಷಯದ ಪೀರಿಯಡ್ ಕಿತ್ತುಕೊಳ್ಳುವುದು ಸ್ವಲ್ಪ ಕಷ್ಟ, ನಾನು ಅದನ್ನೇ ಸ್ಟಾಫ್ ಮೀಟಿಂಗಿನಲ್ಲಿ ಹಿಡಿದುಕೊಂಡು ಹೋಗುತ್ತೇನೆ.

ಬಣ್ಣದಡಬ್ಬಿಗೆ ಇದನ್ನೂ ಹೇಳಿಬಿಡುತ್ತೇನೆ. ಆನ್ಯುಯಲ್ ಡೇ ಬ್ಯಾಕ್‌ಡ್ರಾಪ್, ಥರ್ಮಾಕೋಲ್ ಅಕ್ಷರ, ರಾಜ್ಯೋತ್ಸವದ ರಂಗೋಲಿ, ಇನ್‌ಸ್ಪೆಕ್ಷನ್ ಬಂದಾಗ ನೋಟಿಸ್ ಬೋರ್ಡ್, ಎಲ್ಲ ನಿಮ್ಮ ತಲೆ ಮೇಲೆ ಬೀಳುತ್ತೆ. ಇಂಟರ್‌ವ್ಯೂನಲ್ಲಿ ಯಾರೂ ಹೇಳುವುದಿಲ್ಲ. ಡಿಸೆಂಬರ್ ಪೂರ್ತಿ ನನ್ನ ಉಗುರಿನಲ್ಲಿ ಫೆವಿಕಾಲ್ ಇರುತ್ತೆ.

ಕೆವಿ_ಕಲಾಶಿಕ್ಷಕಿ:
ತಡವಾಗಿ ನೋಡಿದೆ. ನಾನು ಬೆಂಗಳೂರಿನವಳೇ, ಈಗ ಕೇಂದ್ರೀಯ ವಿದ್ಯಾಲಯದಲ್ಲಿ ಟಿಜಿಟಿ (ಟ್ರೈನ್ಡ್ ಗ್ರಾಜುಯೇಟ್ ಟೀಚರ್) ಆರ್ಟ್, ಪೋಸ್ಟಿಂಗ್ ಬೇರೆ ರಾಜ್ಯದಲ್ಲಿ. ಸಂಬಳದ ಮಾತು ಬಂದಿದ್ದರಿಂದ ಹೇಳುತ್ತಿದ್ದೇನೆ.

ಕೆವಿಯಲ್ಲಿ ಆರ್ಟ್ ಟೀಚರ್‌ಗೂ ಗಣಿತದ ಟಿಜಿಟಿಗೂ ಒಂದೇ ವೇತನ ಶ್ರೇಣಿ, ಲೆವೆಲ್ 7, ಮೂಲ ವೇತನ 44,900ರಿಂದ ಶುರು. ಅದರ ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ. ಪಿಟಿ, ಲೈಬ್ರರಿ, ಆರ್ಟ್ ಅಂತ ಕಡಿಮೆ ಮಾಡುವುದಿಲ್ಲ. ನವೋದಯದಲ್ಲೂ ಆರ್ಟ್ ಟೀಚರ್‌ಗೆ ಲೆವೆಲ್ 7. ಅಲ್ಲಿ ಕ್ಯಾಂಪಸ್ಸಿನಲ್ಲೇ ಇರಬೇಕು, ಹಾಸ್ಟೆಲ್ ಡ್ಯೂಟಿ ಇರುತ್ತೆ.

ನಾನು ಅರ್ಜಿ ಹಾಕಿದಾಗ ಅರ್ಹತೆ ಏನಿತ್ತು ಅಂದರೆ, ಡ್ರಾಯಿಂಗ್ ಮತ್ತು ಪೇಂಟಿಂಗ್, ಶಿಲ್ಪ ಅಥವಾ ಗ್ರಾಫಿಕ್ ಆರ್ಟಿನಲ್ಲಿ 5 ವರ್ಷದ ಮಾನ್ಯತೆ ಪಡೆದ ಡಿಪ್ಲೊಮಾ ಇಲ್ಲವೇ ಅದಕ್ಕೆ ಸಮಾನವಾದ ಡಿಗ್ರಿ. ಬಿವಿಎ ಬರುತ್ತಿದ್ದದ್ದು ಈ ‘ಸಮಾನವಾದ ಡಿಗ್ರಿ’ ಅನ್ನುವಲ್ಲಿ. ಜೊತೆಗೆ ಹಿಂದಿ, ಇಂಗ್ಲಿಷ್ ಎರಡೂ ಕೆಲಸಕ್ಕೆ ಬೇಕಾದಷ್ಟು ಗೊತ್ತಿರಬೇಕಿತ್ತು. ವಿಷಯದ ಟಿಜಿಟಿಗಳಿಗೆ ಇರುವ ಹಾಗೆ ಬಿ.ಎಡ್ ಕೇಳಿರಲಿಲ್ಲ. ವಯಸ್ಸು 35 ಮೀರಿರಬಾರದಿತ್ತು, ಮೀಸಲಾತಿ ಇರುವವರಿಗೆ ಸಡಿಲಿಕೆ ಇತ್ತು. ಈಗ ನೋಡಿ, ಅಮ್ಮ ಹೇಳಿದ ಬಿಎ ಬಿ.ಎಡ್ ಮಾಡಿಕೊಂಡು ಬಂದಿದ್ದರೆ ಈ ಹುದ್ದೆಗೆ ಅರ್ಜಿಯನ್ನೇ ಹಾಕಲಾಗುತ್ತಿರಲಿಲ್ಲ.

ಎರಡು ಎಚ್ಚರಿಕೆ. ಪ್ರತಿ ವರ್ಷ ಕರೆಯುವುದಿಲ್ಲ. ಕರೆದಾಗ ದೇಶದಲ್ಲಿ ಎಲ್ಲಿ ಬೇಕಾದರೂ ಹಾಕುತ್ತಾರೆ, ಅಮ್ಮನ ಹತ್ತಿರ ಇದನ್ನು ಈಗಲೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಆರ್ಡರ್ ಬಂದ ದಿನ ಖುಷಿ ಪಟ್ಟು, ಊರಿನ ಹೆಸರು ನೋಡಿ ಅತ್ತಿದ್ದರು.

ಲೆಕ್ಕದವನು:
44,900 ಅಂದರೆ ನನ್ನ ವಾದ ಅರ್ಧ ಬಿತ್ತು. ಉಳಿದ ಅರ್ಧ ಬಿಡಲ್ಲ. ಹುದ್ದೆ ಎಷ್ಟಿರುತ್ತೆ ಮೇಡಂ? ಒಂದು ಶಾಲೆಗೆ ಒಬ್ಬರೇ ಅಲ್ವಾ?

ಕೆವಿ_ಕಲಾಶಿಕ್ಷಕಿ:
ಸಾಮಾನ್ಯವಾಗಿ ಒಬ್ಬರೇ. ಹಾಗಾಗಿ ಇದೊಂದನ್ನೇ ಗುರಿ ಮಾಡಿಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತಾ ಇದಕ್ಕೆ ಓದಿಕೊಳ್ಳಬೇಕು, ನಾನು ಮಾಡಿದ್ದೂ ಅದನ್ನೇ. ಪರೀಕ್ಷೆಯಲ್ಲಿ ಚಿತ್ರಕಲೆ ಜೊತೆ ಸಾಮಾನ್ಯ ಜ್ಞಾನ, ರೀಸನಿಂಗ್, ಕಂಪ್ಯೂಟರ್ ಎಲ್ಲ ಇರುತ್ತೆ. ಕಲಾವಿದರು ಸೋಲುವುದು ರೀಸನಿಂಗಿನಲ್ಲಿ. ನೀವು ಕಾಮರ್ಸ್ ಹುಡುಗಿ, ನಿಮಗೆ ಅನುಕೂಲ.

ಬಣ್ಣದಡಬ್ಬಿ:
ಇಷ್ಟೊಂದು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕೆವಿ ಅಕ್ಕನ ಪೋಸ್ಟ್ ಅಮ್ಮನಿಗೆ ಓದಿ ಹೇಳಿದೆ. ‘ಬಿ.ಎಡ್ ಇಲ್ಲದೆ ಟೀಚರ್ ಹೇಗೆ ಆಗ್ತಾರೆ’ ಅಂತ ಇನ್ನೂ ಅನುಮಾನ ಇದೆ, ಆದರೆ ಬಿವಿಎ ಫಾರ್ಮ್ ತರಲು ಒಪ್ಪಿದ್ದಾರೆ.

ಒಂದು ಮಾತು ತಲೆ ಕೊರೆಯುತ್ತಿದೆ. ಸುಬ್ಬಿ ಅಕ್ಕ ಹೇಳಿದರಲ್ಲ, ಬಿವಿಎಯಲ್ಲಿ ಕಲಿಸುವುದನ್ನು ಕಲಿಸುವುದಿಲ್ಲ ಅಂತ. ಹಾಗಾದರೆ 4 ವರ್ಷದಲ್ಲಿ ಅದನ್ನು ಎಲ್ಲಿ ಕಲಿಯುವುದು? ನಾಲ್ಕು ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಳ್ಳುವುದು ಬೇರೆ, 45 ಮಕ್ಕಳ ಕ್ಲಾಸ್ ಬೇರೆ. ಈಜು ಬಂದವರೆಲ್ಲ ಈಜು ಕಲಿಸಲು ಆಗಲ್ಲ ಅಲ್ವಾ.

ಸರ್ಕಾರಿಶಾಲೆ ಟೀಚರಮ್ಮ:
ನಮ್ಮಂಥ ಶಾಲೆಗೆ ಬಾರಮ್ಮ. ಶನಿವಾರ ಬೆಳಗಿನ ಶಾಲೆ, ಮಕ್ಕಳು ಸ್ವಲ್ಪ ಸಡಿಲವಾಗಿರುತ್ತಾರೆ. ಹೆಡ್ ಮೇಷ್ಟ್ರಿಗೆ ಒಂದು ಪತ್ರ ಕೊಟ್ಟು, ಕಾಲೇಜಿನ ಐಡಿ ತೋರಿಸಿ ಕೇಳಿದರೆ ಒಪ್ಪುತ್ತಾರೆ. ಚಿತ್ರಕಲೆಗೆ ಟೀಚರೇ ಇಲ್ಲದ ಶಾಲೆ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ ಇಲ್ಲೇ ಬೆಂಗಳೂರಿನ ಸಂಸ್ಥೆ ಇದೆ, ‘ಕಲಿ-ಕಲಿಸು’ ಅಂತ ಅವರ ಕಾರ್ಯಕ್ರಮ. ಕರ್ನಾಟಕದ ಸರ್ಕಾರಿ ಶಾಲೆ ಶಿಕ್ಷಕರು ಕಲೆ ಇಟ್ಟುಕೊಂಡು ಮಾಡಿದ ಕೆಲಸಕ್ಕೆ ಸಹಾಯಧನ ಕೊಟ್ಟಿದ್ದಾರೆ. ಅವರು ಏನೇನು ಮಾಡಿಸಿದ್ದಾರೆ ಅಂತ ಓದಿದರೆ ಪಾಠಕ್ಕೆ ಬೇಕಾದಷ್ಟು ಹೊಳೆಯುತ್ತೆ.

ಮಲ್ಲೇಶ್ವರದ ಮೇಷ್ಟ್ರು:
ಟೀಚರಮ್ಮ ಹೇಳಿದ್ದು ಸರಿಯಾದ ದಾರಿ. ಅಲ್ಲಿ ಏನು ಕಲಿಯುತ್ತೀರಿ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಡೆಮೊ ಕ್ಲಾಸಿಗೆ ಬರುವ ಹೊಸಬರು ಬೀಳುವುದು ಇಲ್ಲೇ.

ಪೀರಿಯಡ್ 40 ನಿಮಿಷ. ಮಕ್ಕಳು ಸಾಲಾಗಿ ಬಂದು ಕೂರಲು 5 ನಿಮಿಷ, ಕೊನೆಗೆ ತೊಳೆದು ಎತ್ತಿಡಲು 10. ಕೈಗೆ ಸಿಗುವುದು 25. ಈಗ ಪೋಸ್ಟರ್ ಕಲರ್ ಅಂದುಕೊಳ್ಳಿ. ಹೊಸಬರು ಏನು ಮಾಡುತ್ತಾರೆ, ‘ಎಲ್ಲರೂ ನೀರು ತಗೊಂಡು ಬನ್ನಿ’ ಅನ್ನುತ್ತಾರೆ. 45 ಜನ ನಲ್ಲಿ ಹತ್ತಿರ! ಅಲ್ಲಿಗೆ ಕ್ಲಾಸ್ ಮುಗಿಯಿತು. ನಾನು ಮಾಡುವುದು ಇಷ್ಟು. ಮೊದಲೇ ಬೆಂಚಿಗೊಂದು ಹಳೇ ಪೇಪರ್ ಹಾಸಿ, ನೀರಿನ ಬಾಟಲಿ ಮುಚ್ಚಳಗಳಲ್ಲಿ ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕೇ ಬಣ್ಣ, ಕಡಲೆಕಾಳಿನಷ್ಟು ಹಾಕಿಡುತ್ತೇನೆ. ಬೆಂಚಿಗೊಂದೇ ನೀರಿನ ಡಬ್ಬಿ, ಅರ್ಧ ಮಾತ್ರ ತುಂಬಿದ್ದು. ಹಸಿರು ಕೊಡುವುದಿಲ್ಲ. ‘ನಿಮ್ಮ ಬೆಂಚಿನಲ್ಲಿ ಎಷ್ಟು ಥರ ಹಸಿರು ಆಗುತ್ತೆ ನೋಡೋಣ’ ಅಂತ ಬಿಡುತ್ತೇನೆ. ಒಬ್ಬ ಹುಡುಗ ಒಮ್ಮೆ ಕೆಂಪನ್ನೂ ಸೇರಿಸಿ ಗೋರಂಟಿ ಸೊಪ್ಪಿನ ಬಣ್ಣ ಮಾಡಿಬಿಟ್ಟ, ಪಕ್ಕದ ಬೆಂಚಿನವರೆಲ್ಲ ಎದ್ದು ಬಂದು ಅವನ ಹತ್ತಿರ ಕೇಳಿ ಕಲಿತರು. ನಾನು ಬಾಯಿ ಬಿಡಲೇ ಇಲ್ಲ.

ಇನ್ನೊಂದು, ‘ನಿಮಗಿಷ್ಟ ಬಂದದ್ದು ಬರೆಯಿರಿ’ ಅಂತ ಎಂದೂ ಹೇಳಬೇಡಿ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ತೆಂಗಿನ ಮರ, ಗುಡಿಸಲು. 45 ಹಾಳೆಯಲ್ಲಿ 40 ಅದೇ. ಬೆಟ್ಟ ನೋಡದ ಮಗುವೂ ಅದನ್ನೇ ಬರೆಯುತ್ತೆ. ಬದಲಿಗೆ ‘ಒಂದು ಕಾಲಿನ ಬೂಟು ಬಿಚ್ಚಿ ಡೆಸ್ಕ್ ಮೇಲೆ ಇಡಿ, ಹಾಳೆ ನೋಡದೆ ಬೂಟನ್ನೇ ನೋಡಿಕೊಂಡು ಗೆರೆ ಎಳೆಯಿರಿ’ ಅನ್ನಿ. ಎಲ್ಲರದ್ದೂ ಸೊಟ್ಟ ಬರುತ್ತೆ, ಎಲ್ಲರೂ ನಗುತ್ತಾರೆ, ‘ನನಗೆ ಬರಲ್ಲ’ ಅನ್ನುವವನಿಗೂ ಅವತ್ತು ಧೈರ್ಯ. ಲೇಸಿನ ತೂತು, ಸವೆದ ಹಿಮ್ಮಡಿ ಎಲ್ಲ ಬಂದಿರುತ್ತೆ. ವಾಸನೆ ಒಂದು ತಡೆದುಕೊಳ್ಳಬೇಕು.

ಸ್ಟಿಲ್‌ಲೈಫ್‌ಸುಬ್ಬಿ:
ಬೂಟಿನ ಐಡಿಯಾ ಕದ್ದೆ ಮೇಷ್ಟ್ರೇ.

ಯೂಟ್ಯೂಬ್‌ಗುರು:
ಎಲ್ಲ ಸರಿ, ಆದರೆ ಈಗ ಎಲ್ಲ ಯೂಟ್ಯೂಬಿನಲ್ಲೇ ಇದೆ. ಜಲವರ್ಣ, ಪೋರ್ಟ್ರೇಟ್, ಪರ್ಸ್ಪೆಕ್ಟಿವ್, ಬೇಕಾದ್ದು ಫ್ರೀಯಾಗಿ ಕಲಿಯಬಹುದು. ಡಿಗ್ರಿ ಬರೀ ಕಾಗದ ಗುರು.

ಕೆವಿ_ಕಲಾಶಿಕ್ಷಕಿ:
ಅರ್ಜಿ ಹಾಕುವಾಗ ಆ ಕಾಗದವನ್ನೇ ಕೇಳುತ್ತಾರೆ, ಅದಕ್ಕೇನು ಮಾಡುವುದು? ತಮಾಷೆ ಬಿಡಿ. ನಾನು ಯೂಟ್ಯೂಬ್ ನೋಡಿ ಕಲಿತದ್ದೂ ಇದೆ. ಆದರೆ ನಾಲ್ಕು ವರ್ಷ ದಿನಾ ಹತ್ತು ಜನರ ಎದುರು ನಿಮ್ಮ ಕೆಲಸ ಗೋಡೆಗೆ ಅಂಟಿಸಿ, ‘ಇಲ್ಲಿ ಯಾಕೆ ಹೀಗೆ’ ಅಂತ ಕೇಳಿಸಿಕೊಳ್ಳುವುದು ವಿಡಿಯೊದಲ್ಲಿ ಸಿಗಲ್ಲ. ಟೀಚರ್ ಆದ ಮೇಲೆ ಮಗುವಿನ ಚಿತ್ರ ನೋಡಿ ‘ವೆರಿ ಗುಡ್’ ಬಿಟ್ಟು ಬೇರೆ ಏನಾದರೂ ಹೇಳಲು ಬರುವುದು ಅದರಿಂದಲೇ.

ಸ್ಟಿಲ್‌ಲೈಫ್‌ಸುಬ್ಬಿ:
ಜೊತೆಗೆ ಕಾಲೇಜಿನ ಹೊರಗೂ ಬೆಂಗಳೂರು ಇದೆ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ, 1960ರಲ್ಲಿ ಶುರುವಾದದ್ದು. ಅದೇ ರಸ್ತೆಯಲ್ಲಿ ಜನವರಿಯಲ್ಲಿ ಚಿತ್ರಸಂತೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, 2009ರಿಂದ ಇದೆ. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ, ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಮ್ಯೂಸಿಯಂ. ಶೇಷಾದ್ರಿಪುರದಲ್ಲಿ ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾ ಶಾಲೆ. ಮೈಸೂರಿಗೆ ಹೋಗಲು ಮನೆಯಲ್ಲಿ ಬಿಟ್ಟರೆ ಕಾವಾ ಕೂಡ ಲಿಸ್ಟಿನಲ್ಲಿರಲಿ, ಅಲ್ಲಿನ ಕಲಾ ಕಾಲೇಜು, ಚಾಮರಾಜೇಂದ್ರ ಅಕಾಡೆಮಿ. ಒಂದೇ ಕಾಲೇಜಿಗೆ ಅರ್ಜಿ ಹಾಕಿ ಕೂರಬೇಡಿ.

ಅಪ್ಪ_ರಾಜಾಜಿನಗರ:
ಮೇಷ್ಟ್ರ ಹಸಿರಿನ ಕಥೆ ಮಗನಿಗೆ ಹೇಳಿದೆ, ಡೈನಿಂಗ್ ಟೇಬಲ್ ಈಗ ಹಸಿರಾಗಿದೆ. ಇಂಟರ್‌ನ್ಯಾಷನಲ್ ಶಾಲೆ ಅಂತ ಮೊದಲು ಬರೆದಿರಲ್ಲ, ಅಲ್ಲಿಗೆ ಏನು ಬೇಕು? ನನ್ನ ತಂಗಿ ಮಗಳಿಗೂ ಇದೇ ಹುಚ್ಚು.

ಮಲ್ಲೇಶ್ವರದ ಮೇಷ್ಟ್ರು:
ಪೋರ್ಟ್‌ಫೋಲಿಯೊ, ಸರಾಗವಾಗಿ ಇಂಗ್ಲಿಷ್, ಸಾಮಾನ್ಯವಾಗಿ ಎಂವಿಎ, ಅಂದರೆ ದೃಶ್ಯಕಲೆಯಲ್ಲಿ ಮಾಸ್ಟರ್ಸ್. ಬಿವಿಎ ಆದ ಮೇಲೆ ಎಂವಿಎ ಇನ್ನೂ 2 ವರ್ಷ. ಐಬಿ ಅನ್ನುವ ಇಂಟರ್‌ನ್ಯಾಷನಲ್ ಸಿಲಬಸ್ಸಿನಲ್ಲಿ ಮಕ್ಕಳು ಕೊನೆಗೆ ಬರೆದ ಚಿತ್ರದಷ್ಟೇ, ಅಲ್ಲಿಗೆ ಹೇಗೆ ಬಂದೆ ಅನ್ನುವ ಸ್ಕೆಚ್‌ಬುಕ್ಕಿಗೂ ಬೆಲೆ. ಹಾಗಾಗಿ ಟೀಚರ್‌ದೂ ಅದನ್ನೇ ನೋಡುತ್ತಾರೆ. ಹಳೇ ಸ್ಕೆಚ್‌ಬುಕ್ ರದ್ದಿಗೆ ಹಾಕಬೇಡಿ ಅಂತ ಹೇಳಿ. ಎಂವಿಎ ಆದವರಿಗೆ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆದು ಕಾಲೇಜಿನಲ್ಲಿ ಪಾಠ ಮಾಡುವ ದಾರಿಯೂ ಇದೆ, ಅದು ಬೇರೆ ಕಥೆ.

ಬಣ್ಣದಡಬ್ಬಿ:
ಸರಿ, ನಾನು ಹೀಗೆ ಅಂದುಕೊಂಡಿದ್ದೇನೆ. ಬಿವಿಎ ಪೇಂಟಿಂಗ್, ಬೆಂಗಳೂರು ಮತ್ತು ಮೈಸೂರು ಎರಡೂ ಕಡೆ ಅರ್ಜಿ. ಎರಡನೇ ವರ್ಷದಿಂದ ಶನಿವಾರ ಯಾವುದಾದರೂ ಸರ್ಕಾರಿ ಶಾಲೆ. ಮುಗಿದ ಮೇಲೆ ಖಾಸಗಿ ಶಾಲೆಯಲ್ಲಿ ಕೆಲಸ, ಜೊತೆಗೆ ಕೆವಿ ನವೋದಯ ಪರೀಕ್ಷೆ. ಬಿ.ಎಡ್ ಈಗಲೇ ತೀರ್ಮಾನ ಮಾಡುವುದಿಲ್ಲ, ಆದರೆ ಕಾಲೇಜಿಗೆ ಹೋಗಿ ಕೇಳಿಕೊಂಡು ಬರುತ್ತೇನೆ. ಎಲ್ಲಾದರೂ ತೂತಿದ್ದರೆ ಹೇಳಿ. ಮತ್ತೆ ಆಪ್ಟಿಟ್ಯೂಡ್ ಟೆಸ್ಟಿಗೆ ಏನು ತಯಾರಿ?

ಕೆವಿ_ಕಲಾಶಿಕ್ಷಕಿ:
ಹಿಂದಿ ಸೇರಿಸಿ. ಮಾತಾಡಲು ಬಂದರೆ ಸಾಲದು, ಬೋರ್ಡಿನ ಮೇಲೆ ಬರೆಯಲು ಬರಬೇಕು.

ಸರ್ಕಾರಿಶಾಲೆ ಟೀಚರಮ್ಮ:
ಶನಿವಾರ ಎರಡನೇ ವರ್ಷದವರೆಗೆ ಯಾಕೆ ಕಾಯುವುದು? ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಬಾ. ಮೆಸೇಜ್ ಮಾಡು.

ಸ್ಟಿಲ್‌ಲೈಫ್‌ಸುಬ್ಬಿ:
ಟೆಸ್ಟ್ ಬಗ್ಗೆ. ನಮಗೆ ಒಂದು ವಸ್ತು ಚಿತ್ರ, ಒಂದು ನೆನಪಿನಿಂದ ಬರೆಯುವ ಸಂಯೋಜನೆ ಕೊಟ್ಟಿದ್ದರು. ನಟರ ಫೋಟೊ ನೋಡಿ ಪೆನ್ಸಿಲ್ ಶೇಡಿಂಗ್ ಮಾಡಿದ ಪೋರ್ಟ್ರೇಟ್‌ಗಳನ್ನು ಪೋರ್ಟ್‌ಫೋಲಿಯೊದಲ್ಲಿ ತುಂಬಬೇಡಿ, ಎಲ್ಲರೂ ಅದನ್ನೇ ತರುತ್ತಾರೆ. ನಿಮ್ಮ ಕಣ್ಣಿನಿಂದ ನೋಡಿ ಬರೆದದ್ದು ಬೇಕು. ಬೆಳಿಗ್ಗೆ ಬೇಗ ಕೆಆರ್ ಮಾರ್ಕೆಟ್‌ಗೆ ಹೋಗಿ ಹೂವಿನ ಮೂಟೆ ಹೊರುವವರನ್ನು ಬರೆಯಿರಿ, ಅವರು ನಿಲ್ಲುವುದಿಲ್ಲ, ಕೈ ತಾನಾಗಿ ಓಡುತ್ತೆ. ಮನೆಯಲ್ಲಿ ಸ್ಟೀಲ್ ಚೊಂಬು, ಒಂದು ಬಟ್ಟೆ, ಎರಡು ಈರುಳ್ಳಿ ಇಟ್ಟು ಒಂದೇ ಕಡೆಯಿಂದ ಬೆಳಕು ಬೀಳುವ ಹಾಗೆ ಮಾಡಿ ಬರೆಯಿರಿ. ಚೊಂಬಿನ ಬಾಯಿಯ ದೀರ್ಘವೃತ್ತ ಸರಿ ಬಂದರೆ ಅರ್ಧ ಗೆದ್ದ ಹಾಗೆ, ಹೆಚ್ಚಿನವರದ್ದು ಅಲ್ಲೇ ಎರಡೂ ತುದಿ ಚೂಪಾಗಿ ಹೋಗುತ್ತೆ. ಟೆಸ್ಟ್ ದಿನ 2ಬಿ, 4ಬಿ, 6ಬಿ ಪೆನ್ಸಿಲ್ ಬ್ಲೇಡಿನಲ್ಲಿ ಉದ್ದಕ್ಕೆ ಚೂಪು ಮಾಡಿ ಮನೆಯಿಂದಲೇ ತಗೊಂಡು ಹೋಗಿ. ಬೋರ್ಡು, ಕ್ಲಿಪ್ಪು ನಮ್ಮದೇ ಇರಬೇಕಿತ್ತು, ನಿಮ್ಮ ಹಾಲ್ ಟಿಕೆಟ್ಟಿನಲ್ಲಿ ಏನಿದೆ ನೋಡಿಕೊಳ್ಳಿ.